ಅವ್ವನ ಬಲಗೈ

ಅವ್ವನ ಎಡಗೈಯಲ್ಲಿ, ಬಳೆಗಳಿಂದ ಮೊಣಕೈವರೆಗೂ ಉಗುರಿನ ಗುರುತುಗಳಿದ್ದವು. ಕೆಲವು ಮಾಸಿ ಬೆಳ್ಳಗಾಗಿದ್ದವು, ಕೆಲವು ಇನ್ನೂ ಕಪ್ಪಗಿದ್ದವು. ಕುರುಗೋಡಿನ ನಮ್ಮ ಓಣಿಗೆ ಅವ್ವನೇ ಸೂಲಗಿತ್ತಿ. ನೋವು ತಿನ್ನುವ ಹೆಂಗಸು ಹಿಡಿದುಕೊಳ್ಳಲೆಂದು ಎಡಗೈ ಕೊಡುತ್ತಿದ್ದಳು. ಬಲಗೈಗೆ ಕೆಲಸವಿರುತ್ತಿತ್ತು.

ಓಣಿಯವರಿಗೆ ಆ ಎಡಗೈ ಪುಣ್ಯದ ಕೈ. ನನಗೆ ಮಾತ್ರ ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ನಾನು ಜ್ವರ ಬಂದು ಮಲಗಿದ್ದಾಗಲೂ ಬಾಗಿಲಲ್ಲಿ ಯಾರಾದರೂ ನಿಂತು "ಅವ್ವಾ, ಜಲ್ದಿ ಬರ್ರಿ" ಅಂದರೆ ಸಾಕು, ನನ್ನ ಹಣೆಯ ಒದ್ದೆಬಟ್ಟೆಯನ್ನು ಅಪ್ಪನಿಗೆ ಒಪ್ಪಿಸಿ ಹೊರಟುಬಿಡುತ್ತಿದ್ದಳು. ಹೆರಿಗೆ ಮುಗಿಸಿ ಬಂದು, ಮೈತೊಳೆದುಕೊಂಡು, ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ಕಚ್ಚುತ್ತ "ಕೂಸು ಚಲೋ ಅಳತೈತಿ" ಅನ್ನುವಳು. ಗಂಡೋ ಹೆಣ್ಣೋ ಎಂಬುದನ್ನು ನಾವೇ ಕೇಳಬೇಕು. ಹೆತ್ತ ಹೆಂಗಸರೆಲ್ಲ ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದರು. ಇರುವ ಒಬ್ಬ ಅವ್ವನನ್ನು ಎಷ್ಟು ಮಂದಿಗೆ ಹಂಚಬೇಕು?

ಎಲ್ಲರಿಗಿಂತ ಹೆಚ್ಚು ಉರಿಸಿದವಳು ಎದುರುಮನೆಯ ಹುಡುಗಿ, ನನ್ನ ವಾರಿಗೆಯವಳು. ಅವಳ ಚೊಚ್ಚಲ ಹೆರಿಗೆ ಅವ್ವನೇ ಮಾಡಿಸಿದಳು. ಅಂದಿನಿಂದ ನನ್ನೆದುರು ಬೇಕೆಂದೇ ಅವ್ವನ ತೋಳು ಎಳೆದು "ಇದು ನಂದು, ನೋಡಲೇ" ಎಂದು ಗುರುತು ತೋರಿಸುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವಳು ನಾನು. ನನ್ನದೊಂದೂ ಇರಲಿಲ್ಲ.

ನನ್ನನ್ನು ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಕೊಟ್ಟಿದ್ದರು. ಬಸುರಿಯಾದಾಗ ಅತ್ತೆ ಹತ್ತಿರದ ಆಸ್ಪತ್ರೆಯ ಮಾತೆತ್ತಿದರು. ಮೊದಲ ಹೆರಿಗೆ ತವರಿನದು ಎಂದು ಹಟಹಿಡಿದು, ಸೀಮಂತದ ಕುಬಸ ಮುಗಿದದ್ದೇ ಕುರುಗೋಡಿಗೆ ಬಂದೆ. ನನಗೆ ಬೇಕಿದ್ದದ್ದು ಆ ತೋಳು, ಅಷ್ಟೇ. ಅವ್ವ ನನ್ನ ಹೊಟ್ಟೆಯನ್ನು ಮುಟ್ಟಿಯೂ ನೋಡದೆ, "ಹೆರಿಗಿ ಬಳ್ಳಾರ್ಯಾಗ, ಆಸ್ಪತ್ರ್ಯಾಗ" ಅಂದಳು.

"ಎದುರುಮನಿಯಾಕೀದು ನೀನ ಮಾಡಿದಿ. ಆಕೀದೂ ಚೊಚ್ಚಲ ಅಲ್ಲೇನು?"

"ಹೌದು."

"ಮತ್ತ ನನಗ್ಯಾಕ ಇಲ್ಲ? ಆಕಿಕಿಂತ ನಾ ಕಡಿಮಿ ಏನು?"

ಹಿಟ್ಟು ಸೋಸುತ್ತಿದ್ದ ಅವ್ವ ಜರಡಿಯನ್ನು ಪಕ್ಕಕ್ಕಿಟ್ಟಳು. "ಆಕಿ ಚೀರಿದ್ರ ನನ್ನ ಬುದ್ಧಿ ಕೆಲಸದ ಮ್ಯಾಲ ಇರತೈತಿ. ನೀ ಚೀರಿದ್ರ ಇರಂಗಿಲ್ಲ. ರಕ್ತ ಹೆಚ್ಚು ಹೊಂಟಿತಂದ್ರ ನಾ ಅಳಕೋತ ಕುಂದರತೀನಿ. ಆಮ್ಯಾಲ ನಿನ್ನ ಯಾರು ಉಳಸಬೇಕು?"

ನಾನು ನಂಬಲಿಲ್ಲ. ನೆಪ ಹೇಳುತ್ತಿದ್ದಾಳೆ ಅನ್ನಿಸಿತು. ನೋವು ಶುರುವಾಗಿ ಬಳ್ಳಾರಿಗೆ ಹೊರಟಾಗಲೂ ಕಾರಿನಲ್ಲಿ ಅವಳತ್ತ ಮುಖ ತಿರುಗಿಸಲಿಲ್ಲ. ಆ ನೋವಿನಲ್ಲೂ ಎದುರುಮನೆಯವಳ ಮುಖವೇ ಕಣ್ಣಮುಂದೆ.

ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರಿಗೆ ಅವಕಾಶವಿತ್ತು. ಅವ್ವ ಬಂದು ನಿಂತಳು. ನಾನು ಸಿಟ್ಟು ಮರೆತು ಅವಳ ಎಡಗೈ ಹಿಡಿದೆ. ಅವಳು ಬಲಗೈಯನ್ನೂ ನನ್ನ ಅಂಗೈಯೊಳಗೆ ಇಟ್ಟಳು. ಆ ಕೈ ಯಾರಿಗೂ ಸಿಕ್ಕಿದ್ದಲ್ಲವೆಂದು ನನಗೆ ಗೊತ್ತಿತ್ತು.

"ಇದನ್ನೂ ಹಿಡಿ. ಕೆಲಸ ಅವ್ರು ಮಾಡ್ಲಿ. ಇವತ್ತು ನಾ ಬರೇ ನಿಮ್ಮವ್ವ."

ಇದ್ದಬದ್ದ ಶಕ್ತಿಯಲ್ಲಿ ಉಗುರು ಊರಿದೆ. ನಾನು ಚೀರಿದೆ. ನನಗಿಂತ ಜೋರಾಗಿ ಅವ್ವ ಅತ್ತಳು. ಓಣಿಯ ಹೆಂಗಸರಿಗೆಲ್ಲ ಧೈರ್ಯ ಹೇಳಿದವಳನ್ನು ನರ್ಸ್ ಗದರಿಸಿದರು: "ಅಮ್ಮಾ, ಸುಮ್ಮನಿರ್ರಿ, ಇಲ್ಲಾಂದ್ರ ಹೊರಗ ಕಳಸ್ತೀನಿ!" ಅವ್ವ ಸೆರಗು ಬಾಯಿಗೆ ತುರುಕಿಕೊಳ್ಳಲೆಂದೂ ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ತುಟಿ ಕಚ್ಚಿಕೊಂಡು ನಿಂತಳು, ನನ್ನ ಮಗಳು ಹುಟ್ಟಿ ಅಳುವವರೆಗೂ.

ಹೋದ ವರ್ಷ ಅವ್ವ ತೀರಿಕೊಂಡಳು. ಹೆಂಗಸರು ಮನೆ ತುಂಬ ಬಂದು ಎಡಗೈ ಸುತ್ತ ಕೂತರು. ಎದುರುಮನೆಯವಳು ಆ ತೋಳನ್ನು ಎದೆಗೊತ್ತಿಕೊಂಡು "ಇದು ನಂದವ್ವಾ" ಎಂದು ಅತ್ತಳು. ಉಳಿದವರೂ ತಮ್ಮ ತಮ್ಮದನ್ನು ಹುಡುಕಿಕೊಂಡರು. ನಾನು ಇನ್ನೊಂದು ಮಗ್ಗುಲಲ್ಲಿ ಕೂತು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಮಣಿಕಟ್ಟಿನ ಮೇಲೆ ನನ್ನ ಉಗುರುಗಳ ಗುರುತಿತ್ತು. ಅದರ ಮೇಲೆ ನನ್ನ ಸೆರಗು ಹೊದಿಸಿದೆ. ಯಾರೂ ಕೇಳಲಿಲ್ಲ. ಕೇಳಿದ್ದರೂ ತೋರಿಸುತ್ತಿರಲಿಲ್ಲ.