ಚಿಕ್ಕಮ್ಮನ ಸದ್ದಿಲ್ಲದ ಜೋಗ

"ಲೇ, ಆ ಪರದೆ ನಿಂಗೆಲ್ಲಿ ಸಿಕ್ತು?"

ಬೆಳಗಿನ ಕಾಫಿ ಇನ್ನೂ ಲೋಟದಲ್ಲೇ ಇತ್ತು. ಪಾವಗಡದಿಂದ ಚಿಕ್ಕಮ್ಮನ ಫೋನು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. ನೇರ ಪರದೆ.

"ಯಾವ ಪರದೆ ಚಿಕ್ಕಮ್ಮ?"

"ಅದೇ ಕಣ್ಲಾ, ಗ್ರೂಪ್‌ನಾಗೆ ಹಾಕಿದ್ದೀಯಲ್ಲ. ನೀರು ಬೀಳೋದು, ಕಪ್ಪು-ಬಿಳುಪಿಂದು. ಆ ಸ್ಟುಡಿಯೋ ಮುಚ್ಚಿ ಎಸ್ಟೋ ವರ್ಸ ಆಯ್ತು. ಪರದೆ ಇನ್ನೂ ಐತಾ?"

ನನಗೆ ನಗು ಬಂತು. ಸ್ವಲ್ಪ ಸಿಟ್ಟೂ ಬಂತು. ಅದು ಚಿತ್ರ ಬರೆದ ಪರದೆ ಅಲ್ಲ. ನಾನು ಟ್ರೈಪಾಡ್ ಹೊತ್ತುಕೊಂಡು ಹೋಗಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ತೆಗೆದ ಅಸಲಿ ಜಲಪಾತದ ಫೋಟೋ!

ನಮ್ಮ ಕಡೆಯವರಿಗೂ ಜಲಪಾತಕ್ಕೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲಿ ನೋಡಿದರೂ ಬಂಡೆ ಧಾರಾಳ. ನೀರು ಮಾತ್ರ ದೂರದ ನೆಂಟನ ಹಾಗೆ, ಬಂದರೆ ಬಂತು. ಈ ಸಲ ಬಂತು. ಮಳೆ ಮನಸ್ಸು ಮಾಡಿ ಸುರಿಯಿತು, ಕೆರೆಗಳು ಕೋಡಿ ಬಿದ್ದವು. ಸಿದ್ದರಬೆಟ್ಟದ ಆಚೆ ಸಾಲಿನಲ್ಲಿ, ನಾವು ಯಾವತ್ತೂ ಒಣಗಿದ್ದೇ ನೋಡಿದ್ದ ಒಂದು ಬಂಡೆಯ ಮೇಲಿಂದ ನೀರು ಧುಮುಕುತ್ತಿದೆ ಎಂದು ಸುದ್ದಿ ಬಂತು. ನಾನು ಕಾಲೇಜಿನಲ್ಲಿ ಅಕೌಂಟ್ಸ್ ಪಾಠ ಮಾಡುವವನು. ರಜೆ ಬಂದರೆ ಕ್ಯಾಮೆರಾ ಹೊರಬರುತ್ತದೆ. (ಮನೆಯವಳ ಪ್ರಕಾರ ಕ್ಯಾಮೆರಾ ಹೊರಬಂದ ದಿನವೇ ರಜೆ.)

ಹೋದೆ. ತೆಗೆದೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮುಖ ಸಪ್ಪೆಯಾಯಿತು.

ನೀರು ಕೆಂಪಗಿತ್ತು. ನಮ್ಮ ಕೆಂಪು ಮಣ್ಣೆಲ್ಲ ಕರಗಿ, ಹೋಟೆಲಿನ ಸ್ಟ್ರಾಂಗ್ ಟೀ ಹಾಗೆ. ಪಕ್ಕದಲ್ಲಿ ಚಿಪ್ಸ್ ಪ್ಯಾಕೆಟ್ಟು. ಪೊದೆಯ ಮೇಲೆ ಯಾರದೋ ಹಸಿರು ಟವೆಲ್ಲು. ಆದರೂ ಧೈರ್ಯ ಮಾಡಿ ಕುಟುಂಬದ ಗ್ರೂಪಿಗೆ ಹಾಕಿದೆ. ಮೈಸೂರಿನಲ್ಲಿರುವ ನನ್ನ ತಮ್ಮ ಕೇಳಿದ: "ಎಲ್ಲಿ ಪೈಪ್ ಒಡೆದಿರೋದು?"

ಆಗ ಹೊಳೆದದ್ದು ಬ್ಲಾಕ್ ಅಂಡ್ ವೈಟ್.

ಬಣ್ಣ ತೆಗೆಯುವುದು ಅಂದರೆ ಒಂದು ಬಟನ್ ಒತ್ತುವುದು ಅಂದುಕೊಂಡಿದ್ದೆ. ಒತ್ತಿದೆ. ಇಡೀ ಫೋಟೋಗೆ ಬೂದಿ ಎರಚಿದ ಹಾಗಾಯಿತು. ನೀರೂ ಬೂದು, ಬಂಡೆಯೂ ಬೂದು, ಆಕಾಶವೂ ಬೂದು. ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ವಿಚಾರಿಸಿಕೊಳ್ಳಬೇಕು ಅಂತ ಆಮೇಲೆ ಕಲಿತೆ. ನೀಲಿಯ ಹೊಳಪನ್ನು ಇಳಿಸಿದೆ, ಆಕಾಶ ಗಂಭೀರವಾಯಿತು. ಹಸಿರನ್ನು ಇಳಿಸಿದೆ, ಪೊದೆಗಳು ಕತ್ತಲೆಗೆ ಸರಿದವು, ಟವೆಲ್ಲೂ ಅವುಗಳ ಜೊತೆ ಹೋಯಿತು. ಕಿತ್ತಳೆಯನ್ನು ಏರಿಸುತ್ತಾ ಹೋದೆ ನೋಡಿ... ಕೆಸರು ನೀರು ನಿಧಾನಕ್ಕೆ ಬೆಳ್ಳಗಾಗುತ್ತಾ ಹಾಲಾಯಿತು!

ಗ್ರೂಪಿಗೆ ಮತ್ತೆ ಹಾಕಿದ ಈ ಹಾಲಿನ ಜಲಪಾತವನ್ನೇ ಚಿಕ್ಕಮ್ಮ ನೋಡಿದ್ದು. ನೋಡಿ ಪರದೆ ಅಂದದ್ದು.

"ಚಿಕ್ಕಮ್ಮ, ಅದು ನಿಜವಾದ ನೀರು. ಯಾವ ಸ್ಟುಡಿಯೋ ನೀನು ಹೇಳ್ತಿರೋದು?"

"ನಮ್ ಫೋಟೋ ತೆಗ್ಸಿದ್ ಸ್ಟುಡಿಯೋ ಕಣ್ಲಾ. ಮಧುಗಿರಿ ಬಸ್‌ಸ್ಟ್ಯಾಂಡ್ ತಾವ..."

ಅಷ್ಟು ಹೇಳಿ ನಿಲ್ಲಿಸಿಬಿಟ್ಟಳು. ಆ ಕಡೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು.

ಈಗ ನಿಮಗೆ ಆ ಫೋಟೋ ವಿಷಯ ಹೇಳಬೇಕು. ಪಾವಗಡದಲ್ಲಿ ಚಿಕ್ಕಮ್ಮನ ಮನೆಯ ಪಡಸಾಲೆಗೆ ಕಾಲಿಟ್ಟರೆ ಮೊದಲು ಕಾಣುವುದೇ ಅದು. ಮದುವೆಯಾದ ಹೊಸತು. ಚಿಕ್ಕಪ್ಪ ಕತ್ತಿನವರೆಗೂ ಗುಂಡಿ ಹಾಕಿದ ಶರ್ಟಿನಲ್ಲಿ ಕುರ್ಚಿಯ ಮೇಲೆ. ಚಿಕ್ಕಮ್ಮ ಪಕ್ಕದಲ್ಲಿ ನಿಂತಿದ್ದಾಳೆ. ಹಿಂದೆ ಬೆಳ್ಳಗೆ ಬೀಳುವ ನೀರು. ಜೋಗ ಅಂತ ಇಡೀ ವಂಶಕ್ಕೆ ಗೊತ್ತು. ನೀರಿನ ಮುಂದೆ ಕುರ್ಚಿ ಎಲ್ಲಿಂದ ಬಂತು ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಬೇಡವೇ?

ಬೇಸಿಗೆ ರಜೆಗೆ ಅಲ್ಲಿಗೆ ಹೋದಾಗ ನಾವು ಮಕ್ಕಳು ತಣ್ಣನೆಯ ನೆಲದ ಮೇಲೆ ಮಲಗಿ "ಜೋಗದ ಕತೆ ಹೇಳು" ಅಂತ ಪೀಡಿಸುತ್ತಿದ್ದೆವು. ಹೊರಗೆ ಪಾವಗಡದ ಬಿಸಿಲು, ಒಳಗೆ ಚಿಕ್ಕಮ್ಮನ ಜೋಗ. ಜರಡಿಯಿಂದ ಹಿಟ್ಟು ಉದುರಿದ ಹಾಗೆ ತುಂತುರು. ಕತ್ತೆತ್ತಿದರೆ ಸೆರಗು ಜಾರುವಷ್ಟು ಎತ್ತರ. ನನಗೆ ನೀರಿನ ಹುಚ್ಚು ಹತ್ತಿದ್ದೇ ಆ ನೆಲದ ಮೇಲೆ. ಕೆಲಸ ಸಿಕ್ಕ ವರ್ಷ ಜೋಗಕ್ಕೆ ಓಡಿದ್ದೆ. ಅವರಿಬ್ಬರೂ ಫೋಟೋ ತೆಗೆಸಿಕೊಂಡ ಜಾಗ ಹುಡುಕಿದ್ದೆ. (ಸಿಗಲಿಲ್ಲ. ಬೆಳೆದ ಗಿಡಗಳ ಮೇಲೆ ತಪ್ಪು ಹೊರಿಸಿದೆ.)

"ಚಿಕ್ಕಮ್ಮ, ನಿಮ್ಮ ಫೋಟೋ ಜೋಗದ್ದಲ್ವಾ?"

"ಯಾವ ಜೋಗಾನೋ! ನಾನು ಜೋಗದ ಮಕ ನೋಡಿಲ್ಲ. ಬಾಯ್ತಪ್ಪಿ ಅಂದ್ಬುಟ್ಟೆ. ನಿಮ್ಮ ಚಿಕ್ಕಪ್ಪಂಗೆ ಹೇಳ್ಬ್ಯಾಡ."

"ಯಾಕೆ ಹಾಗೆ ಹೇಳ್ಕೊಂಡು ಬಂದ್ರಿ?"

"ಅದನ್ನ ಅವರೇ ಹೇಳ್ಬೇಕು. ನಾನು ಮಾತು ಕೊಟ್ಟೀನಿ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅದು ನಿಜವಾಗ್ಲೂ ನೀರೇನಾ? ನನ್ನ ಒಂದ್ಸಲ ಕರ್ಕಂಡೋಯ್ತೀಯಾ?"

ಫೋಟೋದಲ್ಲಿ ಕಾಣುವಷ್ಟು ಬೆಳ್ಳಗಿಲ್ಲ, ದಿನದಿನಕ್ಕೂ ಕಮ್ಮಿಯಾಗುತ್ತಿದೆ ಅಂದೆ. "ಕಮ್ಮಿ ಆಗ್ತೈತಾ? ಅಂಗಾದ್ರೆ ಈ ಭಾನುವಾರಾನೇ ಬಾ" ಅಂದಳು.

ಚಿಕ್ಕಪ್ಪನಿಗೆ ಸಿದ್ದರಬೆಟ್ಟ ಅಂತ ಹೇಳಿ ಹೊರಡಿಸಿದೆವು. ಅವರದು ಪಾವಗಡದಲ್ಲಿ ಬಟ್ಟೆ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ವಳ್ಳೂರಿನ ಕಡೆ ಇದ್ದ ಕಡಲೆಕಾಯಿ ಹೊಲದ ಮಾತು. ಈಗ ಅಲ್ಲೆಲ್ಲ ಸೋಲಾರ್ ಫಲಕಗಳು. "ಆಗ ಬಿಸಿಲು ಅಂತ ಬಯ್ಕೊಂತಿದ್ವಿ, ಈಗ ಬಿಸಿಲೇ ಬೆಳೆ" ಅಂತ ನಕ್ಕರು. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಕೂತಿದ್ದಳು.

ಕಾರು ನಿಲ್ಲಿಸಿ ಹೊಲದ ಬದುವಿನ ಮೇಲೆ ಸ್ವಲ್ಪ ನಡೆಯಬೇಕು. ನೀರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಚಿಕ್ಕಮ್ಮ ತಟ್ಟನೆ ನಿಂತಳು.

"ಪಕ್ಕಕ್ಕೆ ಬಾ, ಲಾರಿ ಬರ್ತಾ ಐತೆ."

"ಲಾರಿ ಅಲ್ಲ ಚಿಕ್ಕಮ್ಮ. ನೀರು."

"ನೀರಾ?" ಅವಳು ನನ್ನ ತೋಳು ಹಿಡಿದುಕೊಂಡಳು. "ನೀರು ಇಂಗೆ ಕೂಗ್ತೈತಾ?"

"ಟಿವಿಯಲ್ಲಿ ನೋಡಿಲ್ವಾ?"

"ಟಿವಿ ಸೌಂಡು ನಾವೇ ಕಮ್ಮಿ ಮಾಡ್ಕೋಬೋದು ಕಣಪ್ಪ. ಇದು ಎದೆಯೊಳಗೇ ಬರ್ತಾ ಐತೆ."

ಆಗ ನನಗೆ ಹೊಳೆಯಿತು. ಅಷ್ಟೂ ಬೇಸಿಗೆಗಳಲ್ಲಿ ಅವಳು ಹೇಳಿದ ಜೋಗದ ಕತೆಯಲ್ಲಿ ಎತ್ತರವಿತ್ತು, ತುಂತುರಿತ್ತು, ತಂಪಿತ್ತು. ಸದ್ದು ಇರಲಿಲ್ಲ. ಒಂದು ಸಲವೂ ಇರಲಿಲ್ಲ. ಬಟ್ಟೆಯ ಮೇಲೆ ಬರೆದ ನೀರಿನ ಮುಂದೆ ನಿಂತವಳಿಗೆ ಸದ್ದು ಎಲ್ಲಿಂದ ಬರಬೇಕು?

ನೀರು ತೆಳ್ಳಗಾಗಿತ್ತು, ಕೆಂಪು ಮಾತ್ರ ಹಾಗೇ ಇತ್ತು. ಚಿಕ್ಕಮ್ಮ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ ಇಳಿದೇಬಿಟ್ಟಳು. ಚಿಕ್ಕಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತರು. ಬಂಡೆಯನ್ನು ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದರು:

"ಜೋಗ ಇದಕ್ಕಿಂತ ದೊಡ್ಡದು."

"ಹೌದು ಚಿಕ್ಕಪ್ಪ."

ನೀರಿನಲ್ಲಿದ್ದ ಚಿಕ್ಕಮ್ಮ ತಿರುಗಲೂ ಇಲ್ಲ. "ಹೂಂ ಹೂಂ, ಭಾಳ ದೊಡ್ಡದು" ಅಂದಳು.

ನಾನು ಬೇರೆ ಕಡೆ ನೋಡಿದೆ. ಅರ್ಧ ಶತಮಾನದ ಸುಳ್ಳನ್ನು ಇಬ್ಬರೂ ಎಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದಾರೆ! ಒಂದು ಕಡೆ ಅವರು, ಇನ್ನೊಂದು ಕಡೆ ಇವಳು.

ಚಿಕ್ಕಮ್ಮ ಬೀಳುವ ನೀರಿಗೆ ಅಂಗೈ ಒಡ್ಡಿದಳು. ನೀರು ಚಿಮ್ಮಿ ಮುಖಕ್ಕೆ ಬಡಿಯಿತು. ಕಿಟಾರನೆ ಕಿರುಚಿ ಹಿಂದೆ ಸರಿದು, ಮತ್ತೆ ಮುಂದೆ ಹೋಗಿ ನಕ್ಕಳು. ಆ ನಗು ನಾನು ಅವಳಲ್ಲಿ ನೋಡಿರಲಿಲ್ಲ. ಚಿಕ್ಕಪ್ಪ ನೋಡುತ್ತಲೇ ಇದ್ದರು. ಆಮೇಲೆ ಕಲ್ಲಿನ ಮೇಲೆ ಕೂತು, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಅವಳು ಜೋಗ ನೋಡಿಲ್ಲ ಕಣಪ್ಪಾ. ನಾನೂ ನೋಡಿಲ್ಲ."

ನಾನು ಪಕ್ಕದಲ್ಲಿ ಕೂತೆ.

"ಮದ್ವೆ ಆದ್ಮೇಲೆ ಜೋಗಕ್ಕೆ ಅಂತಾನೇ ಹೊಂಟ್ವಿ. ನಡುವೆ ಮಧುಗಿರೀಲಿ ಇಳಿದು ನಿಮ್ಮಮ್ಮನ್ನ ನೋಡ್ಕೊಂಡ್ ಹೋಗೋಣ ಅಂದ್ಲು. ಹೋದ್ರೆ ಅವರಿಗೆ ನೋವು ಶುರುವಾಗೈತೆ. ಮನೇಲಿ ಯಾರೂ ಇಲ್ಲ. ನಿಮ್ಮಪ್ಪ ಬುಕ್ಕಾಪಟ್ಟಣದ ಸ್ಕೂಲ್ನಾಗೆ ಮೇಷ್ಟ್ರು, ಸುದ್ದಿ ಮುಟ್ಟಬೇಕಲ್ಲ. ಹೆರಿಗೆ ಭಾಳ ಕಷ್ಟ ಆಯ್ತು. ರಕ್ತ ನಿಲ್ಲಲಿಲ್ಲ. ಉಳಿಯೋದೇ ಅನುಮಾನ ಅಂದ್ಬುಟ್ರು. ಇವಳು ಅಕ್ಕನ ಮಂಚ ಬಿಟ್ಟು ಏಳಲಿಲ್ಲ."

"ಅದನ್ನೇ ಮನೇಲಿ ಹೇಳಬಹುದಿತ್ತಲ್ಲ?"

"ನಮ್ಮಮ್ಮ ಬದುಕಿದ್ದಾಗ ಯಾರು ಹೇಳ್ತಾರೆ? ಹೊಸ ಸೊಸೆ ಬಾಣಂತಿ ಮನೇಲಿ ಉಳೀಬಾರದು ಅಂತ ಆಯಮ್ಮಂದು ಶಾಸ್ತ್ರ. ಗೊತ್ತಾಗಿದ್ರೆ ಇವಳ ಜೀವನಾನೇ ನರಕ ಮಾಡಿರೋಳು. ಅದಕ್ಕೇ ನಾನಂದೆ, ನೀನು ಅಕ್ಕನ್ನ ನೋಡ್ಕೋ, ನಾವು ಜೋಗಕ್ಕೆ ಹೋಗಿದ್ವಿ ಅಂತ ನಾನು ಹೇಳ್ತೀನಿ. ಬಿಸಿನೀರು ಕಾಯ್ಸಿದೆ, ಗಂಜಿ ಮಾಡೋದು ಕಲ್ತೆ. ವಾಪಸ್ ಹೊರಡೋ ದಿನ ಒಂದು ಸಾಕ್ಷಿ ಬೇಕಲ್ಲ? ಸ್ಟುಡಿಯೋಗೆ ಹೋದ್ವಿ. ಪರದೆ ಒಂದು ಕಡೆ ಹರಿದಿತ್ತು. ಅದು ಕಾಣದಂಗೆ ಅವಳನ್ನ ನಿಲ್ಸಿದ್ರು."

ಆ ಮಗು ಯಾರು ಅಂತ ನಾನು ಕೇಳಲಿಲ್ಲ. ನನ್ನ ಹಿಂದೆ ಹುಟ್ಟಿದವರೆಲ್ಲ ಶಿರಾದಲ್ಲಿ ಹುಟ್ಟಿದವರು. ಮಧುಗಿರಿಯಲ್ಲಿ ಹುಟ್ಟಿದವನು ನಾನೊಬ್ಬನೇ.

"ಆಮೇಲೆ ಯಾವತ್ತಾದ್ರೂ ಹೋಗಬಹುದಿತ್ತಲ್ಲ ಚಿಕ್ಕಪ್ಪ?"

"ಹೆಂಗೋಗೋದು? ನೋಡಿ ಬಂದಿದ್ದೀರಲ್ಲ, ಮತ್ಯಾಕೆ ಅಂತಿದ್ರು ಎಲ್ಲಾರೂ. ಆಮೇಲೆ ಅಂಗಡಿ, ಮಕ್ಕಳು. ಪೋನೀಲೇ ಅಂತ ಬುಟ್ಬುಟ್ವಿ."

ಪೋನೀಲೇ. ಹೋಗಲಿ ಬಿಡು. ಗಡಿಯ ತೆಲುಗಿನಲ್ಲಿ ಎಷ್ಟು ಹಗುರವಾಗಿ ಹೇಳಿಬಿಟ್ಟರು!

ನಮ್ಮಮ್ಮ ಈಗಿಲ್ಲ. ಆದರೆ ಅವಳು ಇರುವವರೆಗೂ ಚಿಕ್ಕಪ್ಪ ಬಾಗಿಲಿಗೆ ಬಂದರೆ ಸಾಕು, ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದಳು. ಮೊಣಕಾಲು ನೋವು ಬಂದ ಮೇಲೂ ಗೋಡೆ ಹಿಡಿದು ಏಳುತ್ತಿದ್ದಳು. ತಂಗಿಯ ಗಂಡನಿಗೆ, ತನಗಿಂತ ಚಿಕ್ಕವನಿಗೆ, ಇಷ್ಟು ಮರ್ಯಾದೆ ಯಾಕೆ ಅಂತ ನಾವು ನಗುತ್ತಿದ್ದೆವು. ಅವಳು ಲೋಟ ತೊಳೆಯಲು ಒಳಗೆ ಹೋಗುತ್ತಿದ್ದಳು.

"ಏನ್ ಹೇಳ್ತಿದ್ದಾರೆ ಅಲ್ಲಿ ಕೂತ್ಕೊಂಡು?" ಚಿಕ್ಕಮ್ಮ ನೀರಿನ ಸದ್ದು ಮೀರಿ ಕೂಗಿದಳು.

"ಜೋಗದ ಇಷ್ಯ!" ಚಿಕ್ಕಪ್ಪನೂ ಕೂಗಿದರು. "ಎಲ್ಲಾ ಹೇಳ್ಬುಟ್ಟೆ!"

ಅವಳು ದಡದ ಕಡೆ ತಿರುಗಿದಳು. ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಸದ್ಯ!" ಅಂದಳು. "ನಂಗೂ ಹೇಳೀ ಹೇಳೀ ಸಾಕಾಗಿತ್ತು."

ಫೋಟೋ ತೆಗೆದೆ. ಈ ಸಲ ಚಿಕ್ಕಮ್ಮ ಬಂಡೆಯ ಮೇಲೆ ಕೂತಳು. ಚಿಕ್ಕಪ್ಪ ಪಕ್ಕದಲ್ಲಿ ನಿಂತರು. ಹಾಗೆ ನಿಲ್ಲಿ ಅಂತ ನಾನು ಹೇಳಲಿಲ್ಲ.

ಮನೆಗೆ ಬಂದವನು ಅಭ್ಯಾಸಬಲದಿಂದ ಅದನ್ನೂ ಕಪ್ಪು-ಬಿಳುಪು ಮಾಡಿದೆ. ಕಿತ್ತಳೆ ಏರಿಸಿದೆ, ನೀರು ಹಾಲಾಯಿತು. ಬಣ್ಣದ್ದು, ಬಣ್ಣ ತೆಗೆದದ್ದು ಎರಡನ್ನೂ ಕಳಿಸಿ, ಯಾವುದಕ್ಕೆ ಫ್ರೇಮ್ ಹಾಕಿಸಲಿ ಅಂತ ಕೇಳಿದೆ. ಚಿಕ್ಕಪ್ಪ ಫೋನು ಕಸಿದುಕೊಂಡು, "ಕಪ್ಪು-ಬಿಳುಪಿಂದೇ ಇರ್ಲಿ, ಜೋಗ ಅಂದ್ರೂ ನಂಬ್ತಾರೆ" ಅಂದರು. ಹಿಂದಿನಿಂದ ಚಿಕ್ಕಮ್ಮನ ದನಿ: "ಊರುಕೋಂಡಿ! ಸುಮ್ನಿರಿ! ಬಣ್ಣದ್ದೇ ಹಾಕ್ಸು. ನೀರು ಕೆಂಪಗಿದ್ರೆ ಕೆಂಪಗೇ ಇರ್ಲಿ, ನಾನು ಕಾಲಿಟ್ಟ ನೀರು ಅದು."

ಬಣ್ಣದ್ದು ಈಗ ಗೋಡೆಯ ಮೇಲಿದೆ. ಹಳೆಯದನ್ನೂ ತೆಗೆದಿಲ್ಲ. ಮೊನ್ನೆ ಹೋದಾಗ ಎರಡರ ಮುಂದೆಯೂ ಬಹಳ ಹೊತ್ತು ನಿಂತೆ. ಹಳೆಯ ಫೋಟೋ ಕಂಡರೆ ನಾವೆಲ್ಲ "ಆ ಕಾಲವೇ ಚೆಂದ" ಅಂದುಬಿಡುತ್ತೇವೆ, ಸ್ಟೇಟಸ್‌ಗೂ ಹಾಕುತ್ತೇವೆ. ಅವತ್ತು ಆ ಹುಡುಗಿ ಎಷ್ಟು ದಿನ ನಿದ್ದೆಗೆಟ್ಟು ಬಂದು ನಿಂತಿದ್ದಳು, ಆ ಹುಡುಗ ಏನನ್ನು ಬಿಟ್ಟುಕೊಟ್ಟು ಕುರ್ಚಿಯ ಮೇಲೆ ಕೂತಿದ್ದ ಅನ್ನುವುದನ್ನು ಯಾವ ಕ್ಯಾಮೆರಾ ಹೇಳುತ್ತದೆ? ಕೇಳಿದರೆ ಹೇಳುವವರು ಆ ಇಬ್ಬರೇ.

ನಿಮ್ಮ ಮನೆಯ ಗೋಡೆಯ ಫೋಟೋದಲ್ಲಿರುವವರು ಇನ್ನೂ ನಿಮ್ಮ ಜೊತೆ ಮಾತಾಡುತ್ತಿದ್ದಾರೆ ತಾನೆ, ಅವರ ಕತೆ ಕೇಳಿದ್ದೀರಾ?