ಕುಂಬಳಕಾಯಿ ಇಳಿಯುವವರೆಗೆ ಫ್ಯಾನಿಲ್ಲ

ನನ್ನ ಭಾಮೈದ ಶ್ರೀಗಂಧದ ಕಾವಲಿನ ಬಾಡಿಗೆ ಕಟ್ಟಡವೊಂದರಲ್ಲಿ ಶಾಲಾ ಸಮವಸ್ತ್ರ ಹೊಲಿಸುತ್ತಾನೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೊಂದು ದೊಡ್ಡ ಫ್ಯಾನು ಬಂತು. ಕಾರ್ಖಾನೆಗಳಲ್ಲಿ ಹಾಕುವಂಥದ್ದು, ಇಬ್ಬರು ಎತ್ತಿದರೂ ಏದುಸಿರು. ನಾನು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೇಂಟೆನೆನ್ಸ್ ನೋಡಿಕೊಂಡವನು. ಕರೆಯದಿದ್ದರೂ ಒಂಬತ್ತಕ್ಕೆ ಐದು ನಿಮಿಷವಿರುವಾಗ ಹೋಗಿ ನಿಂತೆ.

ಫ್ಯಾನು ಕೂರಬೇಕಾದ ಕಂಬದ ಕೆಳಗೆ ಹಿರಿಯ ಟೈಲರಮ್ಮನ ಮಿಷನ್. ಸೆಕೆ ತಡೆಯದೆ ಫ್ಯಾನು ಕೇಳಿದವರೂ ಅವರೇ.

"ಗಾಳಿ ಕೆಳಗೆ ಬರ್ಲಿ ಸಾರ್, ಫ್ಯಾನ್ ಬರೋದು ಬೇಡ" ಎಂದರು.

ಎಲೆಕ್ಟ್ರಿಷಿಯನ್ ಕಂಬಕ್ಕೆ ನಾಲ್ಕು ಬೋಲ್ಟ್ ಹಾಕಿ ಫ್ಯಾನು ಬಿಗಿದ. ಕೆಲಸ ಚೊಕ್ಕವಾಗಿತ್ತು. ಆದರೆ ಬೋಲ್ಟ್ ಕೈಕೊಟ್ಟರೆ ಫ್ಯಾನನ್ನು ಹಿಡಿಯಬೇಕಾದ ಉಕ್ಕಿನ ಹಗ್ಗವನ್ನೂ ಅದೇ ಬೋಲ್ಟಿಗೆ ಸುತ್ತಿದ್ದ.

"ಬೋಲ್ಟ್ ಕಿತ್ತು ಬಂದ್ರೆ ಈ ಹಗ್ಗ ಏನ್ಮಾಡುತ್ತೆ?" ಎಂದು ಕೇಳಿದೆ.

"ಜೊತೆಗೇ ಬರುತ್ತೆ ಸಾರ್. ಆದ್ರೆ ಬೋಲ್ಟ್ ಬರಲ್ಲ. ಆನೆ ನೇತಾಡ್ಬಹುದು."

"ಆನೆ ಗಿರಗಿರ ತಿರುಗಲ್ಲಪ್ಪ."

ಹಗ್ಗಕ್ಕೆ ಬೇರೆಯೇ ಆಧಾರ ಬೇಕಿತ್ತು. ಮೇಲಿನ ತೊಲೆಯಲ್ಲಿ, ಕಾಂಕ್ರೀಟ್ ಹಾಕುವಾಗಲೇ ಕೂರಿಸಿದ ಗಟ್ಟಿ ಕೊಕ್ಕೆಯಿತ್ತು. ಅದರಲ್ಲಿ ದೃಷ್ಟಿಗೆಂದು ಕಟ್ಟಿದ ಬೂದುಗುಂಬಳಕಾಯಿ ನೇತಾಡುತ್ತಿತ್ತು. ತೊಲೆಗೆ ಹೊಸ ತೂತು ಕೊರೆಯಲು ಕಟ್ಟಡದ ಮಾಲೀಕರು ಒಪ್ಪಲಿಲ್ಲ. ಕುಂಬಳಕಾಯಿ ಇಳಿಸಲು ಭಾಮೈದ ಒಪ್ಪಲಿಲ್ಲ.

"ಅಮಾವಾಸ್ಯೆಗೆ ಬದಲಾಯಿಸೋದು ಭಾವ. ಮಧ್ಯದಲ್ಲಿ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಫ್ಯಾನೂ ಅಮಾವಾಸ್ಯೆಗೇ."

ಬಿಗಿದದ್ದನ್ನು ಬಿಚ್ಚಿಸಿ ಮೂಲೆಯಲ್ಲಿ ಇಡಿಸಿದೆ. ಅಮಾವಾಸ್ಯೆಗೆ ಆರು ದಿನವಿತ್ತು. ಆರು ದಿನವೂ ಹೋಗಿ ಬೋಲ್ಟು, ವಾಷರು, ಹಗ್ಗ ಪರೀಕ್ಷಿಸಿದೆ. ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ನನ್ನನ್ನು ನೋಡುತ್ತಿದ್ದರು.

"ಮೂಲೇಲಿ ಕೂತಿರೋದು ಫ್ಯಾನಾ ಮದುಮಗಳಾ ಸಾರ್? ಮುಹೂರ್ತಕ್ಕೆ ಕಾಯ್ತಿದೆಯಲ್ಲ!" ಎಂದರು ಟೈಲರಮ್ಮ.

ಅಮಾವಾಸ್ಯೆಯ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಏಣಿ ತಂದ. ಯಾರೇ ಏಣಿ ಹತ್ತಲಿ, ಕೆಳಗಿನ ಜಾಗ ಖಾಲಿ ಮಾಡಿಸುವುದು ನನ್ನ ಕ್ರಮ. ಟೈಲರಮ್ಮ ಗೊಣಗುತ್ತ ಎದ್ದು ಗೋಡೆಯ ಪಕ್ಕ ನಿಂತರು. ಅವನು ಕುಂಬಳಕಾಯಿಗೆ ಕೈ ಹಚ್ಚಿದ್ದೇ ತಡ, ಗೋಣಿದಾರ ಪಟ್ಟೆಂದಿತು. ಕಾಯಿ ಅವರ ಕುರ್ಚಿಯ ಮೇಲೆ ಬಿದ್ದು ಎರಡು ಹೋಳಾಯಿತು.

ದಾರ ಎತ್ತಿ ನೋಡಿದೆ. ಬೆರಳಲ್ಲೇ ಪುಡಿಯಾಯಿತು. ಪ್ರತಿ ಅಮಾವಾಸ್ಯೆಗೆ ಕಾಯಿ ಬದಲಾಗುತ್ತಿತ್ತು. ದಾರ ಮಾತ್ರ ಅಂಗಡಿ ಶುರುವಾದ ದಿನದ್ದು.

"ಫ್ಯಾನ್‌ಗೆ ಹೆದರಿಕೊಂಡು ಆರು ದಿನ ನಾನು ಇದರ ಕೆಳಗೆ ಕೂತಿದ್ನಾ ಸಾರ್?"

"ಹೌದಮ್ಮ" ಎಂದೆ.

ಹನ್ನೊಂದಕ್ಕೆ ಫ್ಯಾನು ಕಂಬವೇರಿತು. ಉಕ್ಕಿನ ಹಗ್ಗವನ್ನು ಮೋಟಾರಿನ ಚೌಕಟ್ಟಿನಿಂದ ಕೊಕ್ಕೆಗೆ ಕಟ್ಟಿಸಿದೆ. ಜಾರಿದರೂ ಗೇಣಿಗಿಂತ ಹೆಚ್ಚು ಬೀಳದಷ್ಟೇ ಸಡಿಲ. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಬೋಲ್ಟುಗಳನ್ನು ಮತ್ತೆ ಬಿಗಿಸಿದೆ. ಟೈಲರಮ್ಮ ಕುರ್ಚಿ ಒರೆಸಿ, ಒಮ್ಮೆ ಮೇಲೆ ನೋಡಿ, ಕೂತರು.

ಹೊಸ ಕುಂಬಳಕಾಯಿಯನ್ನು ಎಲೆಕ್ಟ್ರಿಷಿಯನ್ ಬಾಗಿಲ ಹೊರಗೆ ನೈಲಾನ್ ಹಗ್ಗದಲ್ಲಿ ಕಟ್ಟಿದ. ಆಮೇಲೆ ಇನ್ನೊಂದು ಹಗ್ಗ ತಂದು ಬೇರೆ ಮೊಳೆಗೆ ಕಟ್ಟಿದ. ನಾನು ಹೇಳಿರಲಿಲ್ಲ.