ಉಸ್ತಾದ್ ಹೇಳದ ಮಾತು

ನಮ್ಮ ಅಕ್ಕ ಗಾಡಿ ಚೆನ್ನಾಗಿ ಓಡಿಸುತ್ತಾಳೆ ಎಂದು ಫೋನಿನಲ್ಲಿ ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ.

ಸ್ಟೇರಿಂಗ್ ಹಿಡಿಯುವ ಮೊದಲು ಅಕ್ಕ ಎಡಗೈಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಅವುಗಳ ಮೇಲೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾಳೆ. ಗೇರ್ ಹಾಕುವಾಗ ಬಳೆ ಸಪ್ಪಳ ಮಾಡಿದರೆ ಇಂಜಿನ್ ಸಪ್ಪಳ ಕೇಳುವುದಿಲ್ಲವಂತೆ. ಆಕೆ ಕುಳ್ಳಿ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿಕೊಂಡರೇ ಮುಂದಿನ ರಸ್ತೆ ಕಾಣುವುದು.

ನಾವು ರಾಯಚೂರು ಕಡೆಯವರು. ಅಪ್ಪ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದಾಗ ನಾವಿಬ್ಬರೂ ಸಣ್ಣವರು. ನಾನು ಐದನೆಯ ತನಕ ಓದಿದೆ, ಅಕ್ಕ ಅಷ್ಟೂ ಇಲ್ಲ. ಈಗ ಜೀಡಿಮೆಟ್ಲಾದ ಒಂದೇ ಓಣಿಯಲ್ಲಿ ಇದ್ದೇವೆ. ನಾನು ಬೇಗಂ ಬಜಾರಿನಲ್ಲಿ ಸಣ್ಣ ಲೋಡ್ ಗಾಡಿ ಓಡಿಸುತ್ತೇನೆ. ಭಾವ ಕಟ್ಟಡದಿಂದ ಬಿದ್ದು ಕಾಲು ಕೆಡಿಸಿಕೊಂಡ ಮೇಲೆ ಅಕ್ಕ ಬಂದು, "ತಮ್ಮಾ, ನಂಗೂ ಗಾಡಿ ಕಲಸು" ಅಂದಳು. ಬಜಾರ್ ಬಂದ್ ಇದ್ದ ದಿನಗಳಲ್ಲಿ ಕಲಿಸಿದೆ. ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಜಿಗಿಯುತ್ತಿತ್ತು. ನಾನು ಬೈಯುತ್ತಿದ್ದೆ.

"ಬೈಯೋ ಉಸ್ತಾದ್, ಬೈದ್ರ ಲಗೂ ಬರತೈತಿ" ಎಂದು ನಗುತ್ತಿದ್ದಳು.

ಡ್ರೈವರ್ ಮಂದಿಯಲ್ಲಿ ಗಾಡಿ ಕಲಿಸಿದವನಿಗೆ ಉಸ್ತಾದ್ ಅನ್ನುತ್ತಾರೆ. ನನಗಿಂತ ಅಷ್ಟು ದೊಡ್ಡವಳು ಎಲ್ಲರೆದುರು ಹಾಗೆ ಕರೆದಾಗ ನಾನು ಹಿಗ್ಗಿದ್ದೂ ಉಂಟು.

ಆಮೇಲೆ ಹೆಂಗಸರೇ ಹೋಗುವ ಟ್ರಿಪ್ಪುಗಳಿಗೆ ಹೆಣ್ಣು ಡ್ರೈವರ್ ಬೇಕೆಂದು ಒಬ್ಬ ಟ್ರಾವೆಲ್ಸ್ ಮಾಲೀಕ ಆಕೆಗೆ ಕಾರು ಕೊಟ್ಟ. ಚೇವೆಳ್ಳದ ಆಲದ ಮರಗಳ ಸಾಲು, ವಿಕಾರಾಬಾದ್, ಅಲ್ಲಿಂದ ಅನಂತಗಿರಿ ಗುಡ್ಡ. ಹಗಲು ಹೋಗಿ ಹಗಲು ಬರುವುದು. ಗುಡ್ಡದ ಮೇಲಿಂದ ಫೋಟೋ ಕಳಿಸುತ್ತಿದ್ದಳು: ಮಂಜಿನಲ್ಲಿ ಅರ್ಧ ಮುಳುಗಿದ ರಸ್ತೆ, ಕಾರಿನ ಮೇಲೆ ಬಿದ್ದ ಎಲೆ. ಫೋಟೋ ಬಂದಾಗ ನಾನು ಎಣ್ಣೆ ಡಬ್ಬಿಗಳ ಕೈಗಾಡಿಯ ಹಿಂದೆ, ಫಸ್ಟ್ ಗೇರಿನಲ್ಲಿ. ನೋಡಿ ಫೋನು ಕಿಸೆಗೆ ಹಾಕುತ್ತಿದ್ದೆ. ಒಂದಕ್ಕೂ ಉತ್ತರ ಕೊಡಲಿಲ್ಲ. "ಒಂದ್ಸಲಾ ಬಾರೋ, ಪಕ್ಕದ ಸೀಟಿನ್ಯಾಗ ಕುಂಡ್ರು" ಎಂದು ಕರೆದಾಗಲೆಲ್ಲ ಲೋಡ್ ಐತಿ ಅನ್ನುತ್ತಿದ್ದೆ.

ಚಹಾದಂಗಡಿಯಲ್ಲಿ ಒಬ್ಬ ಹಮಾಲ, ನಮ್ಮೂರ ಕಡೆಯವನೇ, ಎಲ್ಲರೂ ಕೇಳುವಂತೆ ಅಂದ: "ನಿಮ್ಮಕ್ಕ ಗುಡ್ಡಾ ಹತ್ತಾಕತ್ತಾಳ, ನೀ ಇನ್ನೂ ಇಲ್ಲೇ ಹಾರ್ನ್ ಹೊಡಿಯಾಕತ್ತಿ." ಎಲ್ಲರ ಜೊತೆ ನಾನೂ ನಕ್ಕೆ. ಆ ದಿನವೆಲ್ಲ ಕೂಲಿಯವರ ಮೇಲೆ ರೇಗಿದೆ.

ಅದೇ ವಾರ ಫೋನು ಬಂತು. ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನ ಹೆಂಗಸರು ಅಮಾವಾಸ್ಯೆಗೊಮ್ಮೆ ಅನಂತಗಿರಿಗೆ ಹೋಗಿ ಚುಕ್ಕಿ ನೋಡಬೇಕೆಂದು ಗುಂಪು ಕಟ್ಟಿದ್ದರು. ಇದು ಸಿಕ್ಕರೆ ಅಕ್ಕನಿಗೆ ಕಾಯಂ ಕೆಲಸ. ಅವರು ರಾತ್ರಿಯ ಮಾತಿಗೆ ಹಿಂದೆಮುಂದೆ ನೋಡಿದಾಗ ಆಕೆಯೇ, "ನಮ್ಮ ಉಸ್ತಾದನ್ನ ಕೇಳ್ರಿ" ಎಂದು ನನ್ನ ನಂಬರ್ ಕೊಟ್ಟಿದ್ದಳು.

ಆ ಗುಂಪಿನ ಒಬ್ಬ ಮೇಡಂ ಹಿಂದಿಯಲ್ಲಿ ಕೇಳಿದರು, ರಾತ್ರಿ ಗುಡ್ಡದ ರಸ್ತೆಗೆ ನಿಮ್ಮ ಅಕ್ಕನನ್ನು ನಂಬಬಹುದಾ ಎಂದು. ನಾನು, ಸಿಟಿಯಲ್ಲೇನೋ ಓಡಿಸುತ್ತಾಳೆ ಮೇಡಂ, ರಾತ್ರಿ ಗುಡ್ಡ ಅಂದರೆ ಅದು ನಿಮಗೆ ಬಿಟ್ಟದ್ದು, ಅಂದೆ. ಅವರು ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದುಕೊಂಡು ಗಾಡಿ ಸ್ಟಾರ್ಟ್ ಮಾಡಿದೆ.

ಹೊರಡುವ ದಿನ ಅಕ್ಕ ಆ ಹೆಂಗಸರಿಗೆಂದು ಸಜ್ಜೆ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ಕಟ್ಟಿಟ್ಟಿದ್ದಳು. ಬೇರೆ ಡ್ರೈವರ್ ಹೋಗುತ್ತಾನೆಂದು ಮಾಲೀಕ ತಿಳಿಸಿದ. ಗಂಟನ್ನು ಹಾಗೇ ನಮ್ಮ ಮನೆಗೆ ತಂದಳು.

"ಯಾಕೋ ಅವ್ರಿಗೆ ಧೈರ್ಯ ಬರಲಿಲ್ಲಂತ. ಆ ಮೇಡಂ ನಿಂಗ ಫೋನ್ ಮಾಡಿದ್ರೇನೋ?"

"ಇಲ್ಲ" ಅಂದೆ.

"ಮಾಡಿದ್ರ ಕೆಲಸ ಆಗ್ತಿತ್ತು. ಹೋಗ್ಲಿ, ಅವ್ರ ಪಾಲಿಂದು ನೀನ ತಿನ್ನು."

ತಿಂದೆ. ಎರಡನೆಯ ಸಲ ಹಿಂಡಿ ಹಾಕಿಸಿಕೊಂಡು ತಿಂದೆ.

ಆಕೆ ಕುಗ್ಗಲಿಲ್ಲ. ಮುಂದೆ ಬೇರೆ ಹೆಂಗಸರು ಕರೆದರು, ಅವರಿಂದ ಇನ್ನಷ್ಟು ಜನ. ಈಗ ಅಮಾವಾಸ್ಯೆ ಹತ್ತಿರ ಬಂದರೆ ಆಕೆಗೆ ಬಿಡುವಿಲ್ಲ. ಗುಡ್ಡದ ಮೇಲೆ ಗಾಡಿಯ ಎಲ್ಲ ದೀಪ ಆರಿಸಿ, ಎಲ್ಲರ ಫೋನೂ ಮುಚ್ಚಿಸಿ ಕೂಡಿಸುತ್ತಾಳಂತೆ. ಯಾರಾದರೂ ಚುಕ್ಕಿಯ ಹೆಸರು ಕೇಳಿದರೆ, "ನಂಗೇನ್ ಗೊತ್ತರಿ ಮೇಡಂ? ನಾ ಕತ್ತಲಾ ತೋರಸಾಕಿ, ಚುಕ್ಕಿ ನೀವ ಹುಡುಕ್ಕೋರಿ" ಅನ್ನುತ್ತಾಳೆ. ಇದನ್ನು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಾಳೆ. ನಾನು ಗೋಡೆ ಕಡೆ ನೋಡುತ್ತಾ ಕೂಡುತ್ತಿದ್ದೆ. ಆಕೆಯ ಅನ್ನ ತಪ್ಪಿಸಿದ ಮೇಲೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ.

ಹೋದ ಮಳೆಗಾಲದಲ್ಲಿ ರಸ್ತೆ ಎಲ್ಲೆಲ್ಲಿ ಕೆಟ್ಟಿದೆ ಎಂದು ನೋಡಿಕೊಂಡು ಬರಲು ಹೊರಟಾಗ ಮತ್ತೆ ಕರೆದಳು. ನೆವ ಹೇಳಿ ಹೇಳಿ ನನಗೂ ಸಾಕಾಗಿತ್ತು. ಹೋದೆ. ಗುಡ್ಡದ ಮೇಲೆ ಚಹಾ ಮಾರುವ ಮುದುಕಿಗೆ ತೆಲುಗಿನಲ್ಲಿ, ಇವನೇ ನಮ್ಮ ಉಸ್ತಾದ್, ಇವನಿಂದಲೇ ನಾನು ಇಲ್ಲಿ ತನಕ ಬಂದದ್ದು, ಅಂದಳು. ಮುದುಕಿ ಎದ್ದು ನಿಂತು ನನಗೆ ಚಹಾ ಕೊಟ್ಟಳು. ಅದನ್ನು ಕುಡಿಯಲಾಗಲಿಲ್ಲ.

ಇಳಿಯುವಾಗ ರಸ್ತೆಯ ಮೇಲೆ ಕೆಮ್ಮಣ್ಣು ಹರಿದಿತ್ತು. ನಾನು ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದಿದ್ದೆ. ಅಕ್ಕ ಗೇರ್ ಇಳಿಸಿ, ಬ್ರೇಕ್ ಮುಟ್ಟದೆ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕಾರನ್ನು ತಿರುವಿಗೆ ತಂದಳು. ನಾನು ಒಂದು ಘಾಟನ್ನೂ ಇಳಿದವನಲ್ಲ.

"ಅಕ್ಕಾ, ಒಂದ್ ಮಾತು" ಅಂದೆ.

"ತಡಿ, ತಿರುವು ಐತಿ. ಈಗ ಮಾತಾಡಸಬ್ಯಾಡ."

ತಿರುವು ದಾಟಿತು. ಇನ್ನೊಂದು ಬಂತು, ಅದೂ ದಾಟಿತು. ಸಮ ರಸ್ತೆಗೆ ಬಂದ ಮೇಲೆ, "ಹ್ಞಾಂ, ಏನಂದಿ?" ಅಂದಳು.

"ಕೊಂಡಾಪುರದ ಆ ಮೇಡಂ ನಂಗ ಫೋನ್ ಮಾಡಿದ್ರಕ್ಕಾ. ನೀ ಛಲೋ ಓಡಸ್ತಿ ಅನ್ನೋದು ಬಿಟ್ಟು, ಅವ್ರ ತಲ್ಯಾಗ ಅನುಮಾನ ಹಾಕಿದೆ. ಆಮ್ಯಾಲ ನಿನ್ನ ಮುಂದ ಸುಳ್ಳ ಹೇಳಿದೆ. ನೀ ಮುಂದ ಹೋಗೂದು ನನ್ನ ಕೈಲೆ ನೋಡಾಕ ಆಗಲಿಲ್ಲ. ತಪ್ಪಾತು ಅಕ್ಕಾ."